ಮಳೆ ಬಂದಾಗ ಆಫ್‌ಲೈನ್ ಆಗುತ್ತಿದ್ದ ಕಂಟ್ರೋಲರ್‌ಗಳು: ಕಾರವಾರದ ಒಂದು ಕೆಲಸ

ನಾನು ಬಿಎಂಎಸ್ ಕೆಲಸ ಮಾಡುವವನು. ದೊಡ್ಡ ಕಟ್ಟಡಗಳ ಎಸಿ, ಪಂಪು, ಫ್ಯಾನುಗಳನ್ನು ಒಂದೇ ಕಂಪ್ಯೂಟರಿನಿಂದ ನೋಡಿಕೊಳ್ಳುವ ವ್ಯವಸ್ಥೆ ಅದು. ಯಂತ್ರದ ಹತ್ತಿರ ಕೂತು ಅದನ್ನು ನಡೆಸುವ ಪುಟ್ಟ ಬೋರ್ಡೇ ಕಂಟ್ರೋಲರ್; ಅದರ ಸುದ್ದಿ ಕಂಪ್ಯೂಟರಿಗೆ ಬರದಿದ್ದರೆ 'ಆಫ್‌ಲೈನ್'. ಕರಾವಳಿಯಲ್ಲಿ 'ಕಂಟ್ರೋಲರ್ ಆಫ್‌ಲೈನ್' ಎಂದು ಯಾರಾದರೂ ಕರೆದರೆ ನಾನು ಮೊದಲು ಲ್ಯಾಪ್‌ಟಾಪ್ ತೆಗೆಯುವುದಿಲ್ಲ, ಮಲ್ಟಿಮೀಟರ್ ತೆಗೆಯುತ್ತೇನೆ. ಯಾಕೆ ಅಂತ ಕಾರವಾರದ ಕೋಡಿಬಾಗ ಕಡೆಯ ಒಂದು ಹೋಟೆಲಿನ ಕೆಲಸ ಇಟ್ಟುಕೊಂಡು ಹೇಳುತ್ತೇನೆ.

ಅಲ್ಲಿದ್ದದ್ದು ಬ್ಯಾಕ್‌ನೆಟ್ ಎಂಎಸ್‌ಟಿಪಿ, ಅಂದರೆ ಕಂಟ್ರೋಲರ್‌ಗಳು ಪರಸ್ಪರ ಮಾತಾಡುವ ಒಂದು ಪದ್ಧತಿ. ಆರ್‌ಎಸ್-485 ಎಂಬ ಬಗೆಯ ಜೋಡಿ ವೈರಿನ ಮೇಲೆ ಓಡುತ್ತದೆ. ಟೋಕನ್, ಅಂದರೆ ಮಾತಾಡುವ ಸರದಿ, ಕೈಯಲ್ಲಿರುವ ಕಂಟ್ರೋಲರ್ ಮಾತ್ರ ಮಾತು ಶುರುಮಾಡಬಹುದು. ಮುಗಿದ ಮೇಲೆ ಮುಂದಿನ ನಂಬರಿನದಕ್ಕೆ ಕೊಡಬೇಕು. ದಾರಿಯಲ್ಲಿ ಟೋಕನ್ ಕಳೆದುಹೋದರೆ ಎಲ್ಲವೂ ಸ್ವಲ್ಪ ಹೊತ್ತು ಸುಮ್ಮನಾಗುತ್ತವೆ, ಆಮೇಲೆ ಯಾವುದೋ ಒಂದು ಹೊಸ ಟೋಕನ್ ಹುಟ್ಟಿಸುತ್ತದೆ. ಹಾಗಾಗಿ ಒಂದು ಕಡೆ ವೈರ್ ಕೆಟ್ಟರೆ ಇಡೀ ಲೈನ್ ನರಳುತ್ತದೆ. ಚೆನ್ನಾಗಿರುವ ಕಂಟ್ರೋಲರ್ ಕೂಡ ಪರದೆಯಲ್ಲಿ ಕೆಂಪಗೆ ಕಾಣುತ್ತದೆ. ಆ ಹೋಟೆಲಿನಲ್ಲಿ ಕೆಂಪು ಕಂಡ ಬೋರ್ಡುಗಳನ್ನು ಆಗಲೇ ಬದಲಿಸಿದ್ದರು. ತೊಂದರೆ ಹಾಗೇ ಇತ್ತು.

ಅಲ್ಲಿನ ಎಲೆಕ್ಟ್ರಿಷಿಯನ್ ಒಂದು ಮಾತು ಹೇಳಿದರು: "ಮಳೆ ಜೋರಾದಾಗ ಹೋಗ್ತದೆ ಸರ್, ಬಿಸಿಲು ಬಿದ್ರೆ ತನ್ನಷ್ಟಕ್ಕೇ ಬರ್ತದೆ." ಇಂಥ ಮಾತು ಯಾವ ಅಲಾರ್ಮ್ ಲಾಗ್‌ನಲ್ಲೂ ಸಿಗುವುದಿಲ್ಲ. ಕಟ್ಟಡದಲ್ಲೇ ದಿನಾ ಇರುವವರನ್ನು ಮೊದಲು ಕೇಳಬೇಕು.

ಲೈನಿನ ಎಲ್ಲ ಕಂಟ್ರೋಲರ್‌ಗಳ ಪವರ್ ತೆಗೆಸಿ ಪ್ಲಸ್-ಮೈನಸ್ ನಡುವೆ ಓಮ್ ಅಳೆದೆ. ಎರಡು ತುದಿಯಲ್ಲಿ ತಲಾ 120 ಓಮ್ ಟರ್ಮಿನೇಶನ್ (ಸಿಗ್ನಲ್ ತುದಿಗೆ ಬಡಿದು ವಾಪಸ್ ಬಾರದಂತೆ ಹಾಕುವ ರೆಸಿಸ್ಟರ್) ಇದ್ದರೆ ಮೀಟರ್ 60ರ ಆಸುಪಾಸು ತೋರಿಸಬೇಕು. 120ರ ಹತ್ತಿರ ಬಂದರೆ ಒಂದು ಇಲ್ಲ ಅಂತ. ಇಲ್ಲಿ 40ರ ಹತ್ತಿರ ಬಂತು. ಅಂದರೆ ಮೂರನೆಯದೊಂದು ಎಲ್ಲೋ ನಡುವೆ ಕೂತಿದೆ. ಹೋಟೆಲಿನ ಹಿಂಭಾಗದ ಬ್ಲಾಕ್ ಆಮೇಲೆ ಕಟ್ಟಿದ್ದು. ಲೈನನ್ನು ಅಲ್ಲಿಗೆ ಎಳೆದವರು ಹಳೆಯ ಕೊನೆಯ ಕಂಟ್ರೋಲರಿನ ಎಂಡ್-ಆಫ್-ಲೈನ್ ಸ್ವಿಚ್ಚನ್ನು (ಟರ್ಮಿನೇಶನ್ ಸೇರಿಸುವ ಸ್ವಿಚ್ಚು) ಆನ್ ಆಗಿಯೇ ಬಿಟ್ಟಿದ್ದರು. ಅದನ್ನು ಆಫ್ ಮಾಡಿದ ಮೇಲೆ 60 ಬಂತು, ಲೈನ್ ಚುರುಕಾಯಿತು.

ಆದರೆ ಮಳೆಯ ತೊಂದರೆ ಇದರಿಂದ ಬರುವುದಲ್ಲವಲ್ಲ. ಅದಕ್ಕೆ ಲೈನನ್ನು ಅರ್ಧಕ್ಕೆ ಬಿಡಿಸಿದೆ. ಬಿಡಿಸಿದ ಜಾಗದಲ್ಲಿ ತಾತ್ಕಾಲಿಕವಾಗಿ 120 ಓಮ್ ಹಾಕಿ, ಮೊದಲ ಅರ್ಧವನ್ನು ಮಾತ್ರ ಓಡಿಸಿ ಕಾದೆ. ಮಳೆಯಲ್ಲೂ ಒಂದೂ ಬೀಳಲಿಲ್ಲ. ಉಳಿದ ಅರ್ಧವನ್ನು ಹೀಗೆಯೇ ಸೇರಿಸುತ್ತಾ ಹೋದಾಗ ಟೆರೇಸಿನ ಒಂದು ಜಂಕ್ಷನ್ ಬಾಕ್ಸ್‌ಗೆ ಬಂದು ನಿಂತೆ. ಕೇಬಲ್ ಮೇಲಿನಿಂದ ಒಳಗೆ ಬಂದಿತ್ತು, ನೀರು ನುಗ್ಗದಂತೆ ಕೇಬಲ್ ಸುತ್ತ ಬಿಗಿಯುವ ಗ್ಲ್ಯಾಂಡ್ ಇರಲಿಲ್ಲ. ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು. ವೈರ್ ಅಲ್ಲಾಡಿಸಿದರೆ ಮೀಟರಿನ ಅಂಕಿ ಕುಣಿಯುತ್ತಿತ್ತು. ಸಾಲದ್ದಕ್ಕೆ ಅಲ್ಲಿಂದ ಟಿ ಜಾಯಿಂಟ್ ಮಾಡಿ ಒಂದು ಎಎಚ್‌ಯುಗೆ (ಎಸಿಯ ಗಾಳಿ ಬೀಸುವ ದೊಡ್ಡ ಯಂತ್ರ) ಉದ್ದದ ಕವಲು ಎಳೆದಿದ್ದರು. ಈ ಲೈನಿಗೆ ಕವಲು ಆಗುವುದಿಲ್ಲ. ಪಂಕ್ತಿ ಊಟದ ಹಾಗೆ ಒಂದರ ಪಕ್ಕ ಒಂದು ಸಾಲಾಗಿಯೇ ಬರಬೇಕು.

ಬಾಕ್ಸನ್ನೇ ತೆಗೆದೆವು. ಕೇಬಲ್ ಆ ಎಎಚ್‌ಯುನ ಕಂಟ್ರೋಲರಿಗೆ ಹೋಗಿ ಅಲ್ಲಿಂದಲೇ ಮುಂದಕ್ಕೆ ಹೊರಡುವಂತೆ ಹೊಸದಾಗಿ ಎಳೆದೆವು. ತವರ ಲೇಪಿಸಿದ ತಾಮ್ರದ ಶೀಲ್ಡೆಡ್ ಕೇಬಲ್ (ವೈರುಗಳ ಸುತ್ತ ಲೋಹದ ಹೊದಿಕೆ, ಅಂದರೆ ಶೀಲ್ಡ್ ಇರುವುದು), ವೈರಿನ ತುದಿಗೆ ಫೆರೂಲ್ ಎಂಬ ಲೋಹದ ಪುಟ್ಟ ಕೊಳವೆ, ಪ್ಯಾನೆಲ್ಲಿಗೆ ಕೆಳಗಿನಿಂದ ಎಂಟ್ರಿ. ಸಮುದ್ರದ ಪಕ್ಕ ಇಷ್ಟು ಮಾಡಲೇಬೇಕು. ಉಪ್ಪು ಗಾಳಿ ಮಳೆಗಾಲ ನೋಡಿಕೊಂಡು ಬರುವುದಿಲ್ಲ, ವರ್ಷವಿಡೀ ಇರುತ್ತದೆ. ಶೀಲ್ಡನ್ನು ಎರಡೂ ಬ್ಲಾಕುಗಳಲ್ಲಿ ಅರ್ತ್ ಮಾಡಿದ್ದರು. ಎರಡು ಕಡೆಯ ಅರ್ತ್ ನಡುವೆ ವೋಲ್ಟೇಜ್ ವ್ಯತ್ಯಾಸ ಇದ್ದರೆ ಶೀಲ್ಡಿನಲ್ಲೇ ಕರೆಂಟ್ ಹರಿಯುತ್ತದೆ. ಒಂದು ಕಡೆ ಮಾತ್ರ ಉಳಿಸಿ ಇನ್ನೊಂದು ತುದಿಗೆ ಟೇಪ್ ಸುತ್ತಿದೆ.

ಇಷ್ಟಾದ ಮೇಲೆಯೇ ಲ್ಯಾಪ್‌ಟಾಪ್ ತೆರೆದದ್ದು. ಬಾಡ್ ರೇಟ್, ಅಂದರೆ ಮಾತಿನ ವೇಗ, ಎಲ್ಲದರಲ್ಲೂ 38400, ಸರಿ ಇತ್ತು. ಲೈನಿನಲ್ಲಿ ಪ್ರತಿ ಕಂಟ್ರೋಲರನ್ನು ಗುರುತಿಸುವ ಮ್ಯಾಕ್ ನಂಬರ್ ಕೂಡ ಒಂದೊಂದಕ್ಕೂ ಬೇರೆ ಬೇರೆಯೇ ಇತ್ತು. ಮ್ಯಾಕ್ಸ್ ಮಾಸ್ಟರ್ (ಎಷ್ಟನೇ ನಂಬರಿನವರೆಗೆ ಹುಡುಕಬೇಕು ಎಂಬ ಮಿತಿ) ಮಾತ್ರ ಎಲ್ಲದರಲ್ಲೂ 127 ಇತ್ತು. ಹೀಗಿದ್ದರೆ ಕೊನೆಯ ಕಂಟ್ರೋಲರ್ ಇಲ್ಲದ ನಂಬರುಗಳನ್ನೂ 127ರವರೆಗೆ ಕರೆದು ನೋಡುತ್ತಿರುತ್ತದೆ, ಸುಮ್ನೆ ಸಮಯ ಹೋಗುತ್ತದೆ. ಅದನ್ನು ಲೈನಿನ ಅತಿ ದೊಡ್ಡ ನಂಬರಿಗಿಂತ ತುಸು ಹೆಚ್ಚಿನ ಅಂಕಿಗೆ ಇಳಿಸಿದೆ. ಆ ದೊಡ್ಡ ನಂಬರಿಗಿಂತ ಕೆಳಗೆ ಇಳಿಸಬಾರದು, ಮೇಲಿನ ನಂಬರಿನವು ಟೋಕನ್ ಸಿಗದೆ ಕಾಣೆಯಾಗುತ್ತವೆ.

ಮ್ಯಾನೇಜರ್ ಇನ್ನಷ್ಟು ಬೋರ್ಡ್ ತರಿಸಿಡೋಣ ಎಂದರು. ಬೇಡ, ಆ ದುಡ್ಡಿಗೆ ಎರಡು ಬ್ಲಾಕುಗಳ ನಡುವೆ ಐಸೊಲೇಟೆಡ್ ರಿಪೀಟರ್ (ಸಿಗ್ನಲ್ ದಾಟಿಸಿ, ಎರಡು ಕಡೆಯ ವೈರುಗಳನ್ನು ವಿದ್ಯುತ್ತಿನ ಮಟ್ಟಿಗೆ ಬೇರೆ ಇಡುವ ಸಾಧನ) ಹಾಕಿಸಿ ಎಂದೆ. ಕಟ್ಟಡದಿಂದ ಕಟ್ಟಡಕ್ಕೆ ಹೊರಗೆ ಹೋಗುವ ತಾಮ್ರದ ವೈರಿಗೆ ಮೇ ತಿಂಗಳ ಗುಡುಗು-ಸಿಡಿಲಿನ ಭಯ ಇದ್ದೇ ಇದೆ. ಹೊಸದಾಗಿ ಎಳೆಯುವುದಾದರೆ ಆ ಭಾಗಕ್ಕೆ ಫೈಬರ್ ಇನ್ನೂ ಒಳ್ಳೆಯದು. ಲೈನ್ ಯಾವ ಕ್ರಮದಲ್ಲಿ ಹೋಗಿದೆ, ಟರ್ಮಿನೇಶನ್ ಯಾವ ಎರಡು ಪ್ಯಾನೆಲ್‌ನಲ್ಲಿದೆ ಎಂದು ಚಿತ್ರ ಬರೆದು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದೆ. ಅದರ ಒಂದು ಪ್ರತಿಯನ್ನು ಎಲೆಕ್ಟ್ರಿಷಿಯನ್ ತಮ್ಮ ಹತ್ತಿರ ಇಟ್ಟುಕೊಂಡರು.