ಸಾಲ ಇತ್ತು, ಆದರೆ ಅಷ್ಟಿರಲಿಲ್ಲ: ರಿಕವರಿ ದಾವೆಯಲ್ಲಿ ನನ್ನ ಕೇಸು ನಾನೇ ನಡೆಸಿದ ಅನುಭವ

2023ರ ನವೆಂಬರ್. ಮಧ್ಯಾಹ್ನದ ಹೊತ್ತು. ಯಾರದೋ ಫೋನಿನ ಚಾರ್ಜಿಂಗ್ ಪಿನ್ ಬಿಚ್ಚುತ್ತಾ ಕೂತಿದ್ದೆ. ಕೋರ್ಟಿನ ಕಾಗದ ತಲುಪಿಸುವ ಅಮೀನರು ಅಂಗಡಿಗೆ ಬಂದು ನನ್ನ ಹೆಸರು ಕೇಳಿದರು. ಪಕ್ಕದ ಕಿರಾಣಿ ಅಂಗಡಿ ಶೆಟ್ರು ಬೇಡ ಬೇಡ ಅಂತ ಅಲ್ಲಿಂದಲೇ ತಲೆ ಆಡಿಸಿದರು. ಕಾಗದ ತಗೊಂಡರೆ ತಾನೇ ಕೇಸು, ತಗೊಳ್ಳದಿದ್ದರೆ ಏನೂ ಇಲ್ಲ ಅನ್ನೋ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ನಾನು ಸಹಿ ಹಾಕಿ ತಗೊಂಡೆ. ತಗೊಳ್ಳದಿದ್ದರೆ ಅಮೀನರು ಬಾಗಿಲಿಗೆ ಅಂಟಿಸಿ ಹೋಗಬಹುದು, ಆಮೇಲೆ ಕೇಸು ಎಕ್ಸ್‌ಪಾರ್ಟಿ ಆಗಿ, ಅಂದರೆ ನಾನಿಲ್ಲದೇ ನಡೆದು, ಸಾಲ ಕೊಟ್ಟ ಕಂಪನಿ ಕೇಳಿದಷ್ಟಕ್ಕೂ ಡಿಕ್ರಿ (ಕಟ್ಟಬೇಕು ಅಂತ ಕೋರ್ಟಿನ ಆದೇಶ) ಆಗಬಹುದು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಅವತ್ತು ಸುಮ್ನೆ ಏನಿದೆ ನೋಡೋಣ ಅಂತ ತಗೊಂಡಿದ್ದೆ, ಅಷ್ಟೇ.

ಒಳಗೆ ಇಂಗ್ಲಿಷಿನಲ್ಲಿ ಹದಿನಾಲ್ಕು ಪುಟ. ಕೊನೆಯ ಪುಟದಲ್ಲಿ ಮೊತ್ತ: ₹2,71,850.

ಹಿಂದಿನ ಕಥೆ ಚಿಕ್ಕದು. ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. 2018ರಲ್ಲಿ ಒಂದು ಫೈನಾನ್ಸ್ ಕಂಪನಿಯಿಂದ ₹2 ಲಕ್ಷ ಸಾಲ ತಗೊಂಡೆ. ವರ್ಷಕ್ಕೆ ಶೇಕಡಾ 24 ಬಡ್ಡಿ, 36 ಕಂತು, ಒಂದೊಂದು ಕಂತು ₹7,846. ಇಪ್ಪತ್ತು ಕಂತು ಒಂದೂ ತಪ್ಪದೆ ಬ್ಯಾಂಕಿನಿಂದ ಕಟ್ ಆಯಿತು. ಆಮೇಲೆ ಕೊರೋನಾ. ಅಂಗಡಿ ಮುಚ್ಚಿತು. ರಿಸರ್ವ್ ಬ್ಯಾಂಕ್ 2020ರ ಮಾರ್ಚಿನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತಲ್ವಾ, ಅದಕ್ಕೆ ಅರ್ಜಿ ಹಾಕಿದೆ. ಒಪ್ಪಿದ್ದೇವೆ ಅಂತ ಕಂಪನಿಯಿಂದ ಮೆಸೇಜೂ ಬಂತು. ಸೆಪ್ಟೆಂಬರಿನಿಂದ ಅವರ ಹುಡುಗ ಅಂಗಡಿಗೇ ಬಂದು ಕೈಲಾದಷ್ಟು ನಗದು ತಗೊಂಡು, ಕೈಯಲ್ಲಿನ ಮೆಷಿನ್‌ನಿಂದ ರಸೀದಿ ಹರಿದು ಕೊಡುತ್ತಿದ್ದ. 2021ರ ಏಪ್ರಿಲ್‌ವರೆಗೆ ಹನ್ನೊಂದು ಸಲ, ಒಟ್ಟು ₹41,000. ಎರಡನೇ ಅಲೆಯಲ್ಲಿ ಅದೂ ನಿಂತಿತು. ಅಲ್ಲಿಂದ ಮುಂದೆ ನಾನು ಕಟ್ಟಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಕೋರ್ಟಿನಲ್ಲೂ ಮುಚ್ಚಿಡಲಿಲ್ಲ.

ಆ ರಾತ್ರಿ ಹೆಂಡತಿ ಕೇಳಿದ್ದು ಒಂದೇ ಮಾತು: "ರೀ, ಪೊಲೀಸರು ಬರ್ತಾರಾ?" ಇಲ್ಲ. ಇದು ಸಿವಿಲ್ ದಾವೆ. ಸಾಲ ಬಾಕಿ ಇದೆ ಅನ್ನೋದು ಒಂದೇ ಅಪರಾಧವಲ್ಲ. ಚೆಕ್ ಬೌನ್ಸ್ ಆಗಿದ್ದರೆ ಮಾತು ಬೇರೆ. ಅದು ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕ್ರಿಮಿನಲ್ ಕೇಸು. ಅಲ್ಲಿ ನೋಟಿಸ್ ಕೈಗೆ ಬಂದ 15 ದಿನದಲ್ಲಿ ದುಡ್ಡು ಕಟ್ಟದಿದ್ದರೆ ಕೇಸು ಹಾಕಬಹುದು. ಅಂಥ ನೋಟಿಸ್ ಬಂದವರು ನನ್ನ ಹಾಗೆ ಒಬ್ಬರೇ ಹೋಗಬೇಡಿ, ಅವತ್ತೇ ವಕೀಲರನ್ನು ನೋಡಿ.

ನನ್ನ ಕೇಸಿನಲ್ಲಿ ವಕೀಲರ ಫೀಸಿನ ದುಡ್ಡನ್ನು ಸಾಲಕ್ಕೇ ಕಟ್ಟೋಣ ಅನ್ನಿಸಿತು. ತನ್ನ ಕೇಸನ್ನು ತಾನೇ ನಡೆಸಲು ಕಾನೂನಿನಲ್ಲಿ ಅವಕಾಶ ಇದೆ. ಮೊದಲ ವಾಯಿದೆಯ ದಿನ ಅಟೆಂಡರ್ ನನ್ನ ಹೆಸರು ಕೂಗಿದಾಗ ಮುಂದೆ ಹೋಗಿ ನಿಂತೆ. "ವಕೀಲರು ಯಾರು?" ಅಂದರು ನ್ಯಾಯಾಧೀಶರು. "ನಾನೇ ನಡೆಸ್ತೀನಿ ಸ್ವಾಮಿ" ಅಂದೆ. ಅವರು ಬೈಯಲಿಲ್ಲ. ಅದೇ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಒಮ್ಮೆ ಕೇಳಿ ನೋಡಿ ಅಂದರು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಅಲ್ಲಿ ವಕೀಲರನ್ನೇ ಉಚಿತವಾಗಿ ಕೊಡುತ್ತಾರೆ. ನನ್ನ ಆದಾಯ ಮಿತಿಗಿಂತ ಜಾಸ್ತಿ ಇತ್ತು. ಆದರೂ ಅಲ್ಲಿದ್ದ ವಕೀಲರು ಇಪ್ಪತ್ತು ನಿಮಿಷ ಕೂತು ನನ್ನ ಕಾಗದ ಓದಿದರು. ಅವರು ಹೇಳಿದ ಒಂದು ಮಾತು ಇಡೀ ಕೇಸಿಗೆ ಆಧಾರವಾಯಿತು: "ದಾವೆಯಲ್ಲಿ ಅವರು ಬರೆದಿರೋದನ್ನ ನೀವು ಬಿಡಿಸಿ ಬಿಡಿಸಿ ಅಲ್ಲಗಳೆಯದಿದ್ದರೆ ಒಪ್ಪಿಕೊಂಡ ಹಾಗೇ ಲೆಕ್ಕ."

ದಾವೆಗೆ ನಮ್ಮ ಉತ್ತರ, ಅಂದರೆ ಲಿಖಿತ ಹೇಳಿಕೆ, ಕೊಡಲು ಸಮನ್ಸ್ (ಅಮೀನರು ತಂದ ಆ ಕಾಗದ) ಸಿಕ್ಕಿದ ದಿನದಿಂದ 30 ದಿನ. ಕಾರಣ ಕೊಟ್ಟು ಕೇಳಿದರೆ 90 ದಿನದವರೆಗೆ ಬಿಡಬಹುದು. ನಾನು 26ನೇ ದಿನ ಕೊಟ್ಟೆ. ಕನ್ನಡದಲ್ಲೇ ಬರೆದೆ. ತಾಲ್ಲೂಕು ಕೋರ್ಟಿನಲ್ಲಿ ಕನ್ನಡಕ್ಕೆ ಯಾರೂ ತಕರಾರು ಮಾಡಲಿಲ್ಲ. ಮೊದಲು ಬರೆದಿದ್ದನ್ನು ನೆನೆಸಿಕೊಂಡರೆ ಈಗ ಬೇಜಾರಾಗುತ್ತದೆ. ಕೊರೋನಾ ಕಷ್ಟ, ಅಪ್ಪನ ಆಸ್ಪತ್ರೆ ಖರ್ಚು, ರಿಕವರಿ ಹುಡುಗರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಅಂದ ಮಾತು, ಎಲ್ಲ ಸೇರಿ ಆರು ಪುಟ. (ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಅದಕ್ಕೆ ದೂರು ಕೊಡುವ ಜಾಗ ಬೇರೆ. ಸಾಲದ ಲೆಕ್ಕ ಅದರಿಂದ ಕಡಿಮೆಯಾಗುವುದಿಲ್ಲ.) ಅದನ್ನೆಲ್ಲ ಹರಿದು ಹಾಕಿ, ಅವರ ದಾವೆಯ ಪ್ಯಾರಾ ನಂಬರ್ ಇಟ್ಟುಕೊಂಡು ಒಂದೊಂದಕ್ಕೇ ಉತ್ತರ ಬರೆದೆ. 3ನೇ ಪ್ಯಾರಾ ಸರಿ, ಸಾಲ ತಗೊಂಡಿದ್ದು ನಿಜ. 6ನೇ ಪ್ಯಾರಾ ಸರಿಯಲ್ಲ, ನಗದು ಕಟ್ಟಿದ್ದು ಐದು ಸಲ ಅಂತಿದೆ, ನಾನು ಕಟ್ಟಿದ್ದು ಹನ್ನೊಂದು ಸಲ, ದಿನಾಂಕ ಮತ್ತು ಮೊತ್ತ ಹೀಗಿವೆ. 8ನೇ ಪ್ಯಾರಾದ ದಂಡದ ಬಡ್ಡಿ ಒಪ್ಪುವುದಿಲ್ಲ, ಕಾರಣ ಇದು. ಕೊನೆಗೆ ನನ್ನದೇ ಲೆಕ್ಕದ ಪಟ್ಟಿ ಹಚ್ಚಿದೆ: ಬಾಕಿ ಇರುವುದು ₹1,44,600.

ಒಪ್ಪಿಕೊಂಡು ಮೊತ್ತ ಬರೆದುಕೊಟ್ಟರೆ ಕುತ್ತಿಗೆ ಕೊಟ್ಟ ಹಾಗೆ ಅಂತ ತುಂಬಾ ಜನ ಹೆದರಿಸಿದರು. ನನಗೆ ಹಾಗನ್ನಿಸಲಿಲ್ಲ. ಸಾಲವೇ ಇಲ್ಲ ಅಂದಿದ್ದರೆ ಅವರು ಅಗ್ರಿಮೆಂಟ್ ತೋರಿಸಿ ಅಲ್ಲಿಗೇ ನನ್ನನ್ನು ಸುಳ್ಳುಗಾರ ಮಾಡುತ್ತಿದ್ದರು. ಆಮೇಲೆ ರಸೀದಿ ತೋರಿಸಿದರೂ ಯಾರು ನಂಬುತ್ತಿದ್ದರು?

ನಾನು ಎಡವಿದ್ದು ಕಾಲಮಿತಿಯಲ್ಲಿ. ಸಾಲದ ದಾವೆಗೆ ಮೂರು ವರ್ಷದ ಮಿತಿ ಅಂತ ಓದಿದ್ದೆ. ಬ್ಯಾಂಕಿನಿಂದ ಕೊನೆಯ ಕಂತು ಹೋಗಿದ್ದು 2020ರ ಫೆಬ್ರವರಿ. ದಾವೆ ಹಾಕಿದ್ದು 2023ರ ಆಗಸ್ಟ್. ಮೂರೂವರೆ ವರ್ಷ! ಕೇಸು ಬಿದ್ದೇ ಹೋಯಿತು ಅಂತ ಎರಡು ದಿನ ಖುಷಿಯಲ್ಲಿದ್ದೆ. ಕಾನೂನು ಸೇವಾ ಸಮಿತಿಯ ವಕೀಲರು ಅದನ್ನೂ ಬಿಡಿಸಿ ಹೇಳಿದರು. ಕೊರೋನಾ ಕಾರಣಕ್ಕೆ 15-3-2020ರಿಂದ 28-2-2022ರವರೆಗಿನ ಅವಧಿಯನ್ನು ಕಾಲಮಿತಿಯ ಲೆಕ್ಕಕ್ಕೆ ಹಿಡಿಯಬಾರದು ಅಂತ ಸುಪ್ರೀಂ ಕೋರ್ಟ್ ಆದೇಶ ಇದೆ. ಅಲ್ಲಿಗೆ ನನ್ನ ಮೂರೂವರೆ ವರ್ಷ ಒಂದೂವರೆ ವರ್ಷಕ್ಕೆ ಇಳಿಯಿತು. ಹಳೇ ಸಾಲದ ಕೇಸು ಇರುವವರು ಈ ತಾರೀಕು ಬರೆದಿಟ್ಟುಕೊಳ್ಳಿ. ಇನ್ನೊಂದು ವಿಷಯ: ಮಿತಿ ಮುಗಿಯುವ ಮೊದಲು ನೀವು ಬಾಕಿ ಒಪ್ಪಿ ಬರೆದುಕೊಟ್ಟರೆ, ಅಥವಾ ಸಹಿ ಹಾಕಿ ಸ್ವಲ್ಪ ಕಟ್ಟಿದರೆ, ಅವತ್ತಿನಿಂದ ಮತ್ತೆ ಮೂರು ವರ್ಷ ಶುರು.

ಇನ್ನು ರಸೀದಿಗಳು. ಹಳೇ ಬ್ಯಾಟರಿ ಹಾಕುವ ಬಿಸ್ಕತ್ ಡಬ್ಬಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೆ. ತೆಗೆದು ನೋಡಿದರೆ ನಾಲ್ಕು ಚೀಟಿ ಪೂರ್ತಿ ಬಿಳಿ. ಆ ಮೆಷಿನ್ ಕಾಗದಕ್ಕೆ ಶಾಯಿ ಇರುವುದಿಲ್ಲ. ಬಿಸಿಯಿಂದ ಮೂಡುವ ಅಕ್ಷರ ಬಿಸಿಗೇ ಮಾಸುತ್ತದೆ. ತಗಡಿನ ಮಾಡಿನ ಕೆಳಗೆ ಮೂರು ಬೇಸಿಗೆ ಕಳೆದಿದ್ದವು. ಬೆಳಕಿಗೆ ಹಿಡಿದು, ಓರೆ ಮಾಡಿ, ಫೋನ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ಏನೂ ಕಾಣಲಿಲ್ಲ. ಪುಣ್ಯಕ್ಕೆ ಆ ನಾಲ್ಕರಲ್ಲಿ ಎರಡು ಕಂಪನಿಯ ಲೆಕ್ಕದಲ್ಲೇ ಇದ್ದವು. ಮೂರನೆಯದರ ಫೋಟೋವನ್ನು ಆಗಲೇ ಆ ಹುಡುಗನಿಗೆ ವಾಟ್ಸಾಪ್ ಮಾಡಿದ್ದೆ. ನಾಲ್ಕನೆಯದು, 2021ರ ಜನವರಿಯ ಮೂರು ಸಾವಿರದ್ದು, ಹೋಗೇ ಹೋಯಿತು. ಉಳಿದ ಏಳನ್ನು ಅವತ್ತೇ ಜೆರಾಕ್ಸ್ ಮಾಡಿಸಿದೆ. ವಾಟ್ಸಾಪ್ ಫೋಟೋ ಸುಮ್ನೆ ಪ್ರಿಂಟ್ ತೆಗೆದು ಕೊಟ್ಟರೆ ಸಾಲದು, ಜೊತೆಗೆ ಅದು ಯಾವ ಫೋನು, ಕಂಪ್ಯೂಟರಿನಿಂದ ಬಂತು ಅಂತ ಬರೆದುಕೊಡುವ 65ಬಿ ಸರ್ಟಿಫಿಕೇಟ್ ಬೇಕು. 2024ರ ಜುಲೈ 1ರಿಂದ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲಿ ಅದು 63ನೇ ಕಲಂ. ಕಂಪನಿಯ ಕಂಪ್ಯೂಟರ್ ಸ್ಟೇಟ್‌ಮೆಂಟಿಗೂ ಅದೇ ನಿಯಮ. ಅವರು ಮೊದಲು ಸರ್ಟಿಫಿಕೇಟ್ ಇಲ್ಲದೇ ತಂದಿದ್ದರು. ನಾನು ಆಕ್ಷೇಪಣೆ ಎತ್ತಿದ ಮೇಲೆ ಮುಂದಿನ ವಾಯಿದೆಗೆ ತಂದರು.

ಆ ಸ್ಟೇಟ್‌ಮೆಂಟನ್ನು ನಾಲ್ಕು ರಾತ್ರಿ ಕೂತು ಸಾಲು ಸಾಲು ನೋಡಿದೆ. ಕಂತು ಮುಂದೂಡಲು ತಾವೇ ಒಪ್ಪಿದ್ದ ಆರು ತಿಂಗಳಲ್ಲೂ ಕಂತು ವಾಪಸ್ ಆಯಿತು ಅಂತ ತಿಂಗಳಿಗೆ ₹590 ಬೌನ್ಸ್ ಚಾರ್ಜ್ ಹಾಕಿದ್ದರು. ಆರು ಸಲಕ್ಕೆ ₹3,540. ಆ ಆರು ತಿಂಗಳ ಬಡ್ಡಿಯನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಎಳೆದಿದ್ದರು. ಆ ಅವಧಿಗೆ ಚಕ್ರಬಡ್ಡಿ, ದಂಡದ ಬಡ್ಡಿ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 2021ರ ಮಾರ್ಚ್ 23ರಂದು ಹೇಳಿದೆ. ಮಾಮೂಲಿ ಬಡ್ಡಿ ಮನ್ನಾ ಆಗಿಲ್ಲ, ಅದನ್ನು ನಾನು ನನ್ನ ಲೆಕ್ಕದಲ್ಲಿ ಹಾಕಿಕೊಂಡೆ. ಇದರ ಮೇಲೆ ತಿಂಗಳಿಗೆ ಶೇಕಡಾ 3ರ ದಂಡದ ಬಡ್ಡಿ ಬೇರೆ. ಅಗ್ರಿಮೆಂಟಿನಲ್ಲಿ ದಂಡ ಅಂತ ಬರೆದಿದ್ದರೂ ಕೋರ್ಟು ನ್ಯಾಯವಾದಷ್ಟನ್ನೇ ಕೊಡಿಸಬಹುದು ಅಂತ ಕರಾರು ಕಾಯ್ದೆಯ 74ನೇ ಕಲಂ ಹೇಳುತ್ತದೆ. ಅದನ್ನೇ ಹಿಡಿದುಕೊಂಡೆ.

ನಡುವೆ ಲೋಕ ಅದಾಲತ್ ಬಂತು. ಕಂಪನಿಯ ವಕೀಲರು ಒಳ್ಳೆಯವರೇ. "ಎರಡು ಲಕ್ಷಕ್ಕೆ ಮುಗಿಸ್ಕೊಳ್ಳಿ ಅಣ್ಣ, ಯಾಕೆ ಓಡಾಡ್ತೀರ" ಅಂದರು. ಮನಸ್ಸು ಓಲಾಡಿತು, ಸುಳ್ಳು ಹೇಳುವುದಿಲ್ಲ. ವಾಯಿದೆಗೊಂದು ಸಲ ಅರ್ಧ ದಿನ ಅಂಗಡಿ ಮುಚ್ಚಬೇಕಿತ್ತು. ಆದರೆ ಅದಾಲತ್ತಿನಲ್ಲಿ ಸಹಿ ಹಾಕಿದರೆ ಅದೇ ಕೊನೆ, ಅದರ ಮೇಲೆ ಅಪೀಲು ಇಲ್ಲ. ನನ್ನ ಲೆಕ್ಕಕ್ಕೂ ಅವರು ಹೇಳಿದ್ದಕ್ಕೂ ಐವತ್ತೈದು ಸಾವಿರ ವ್ಯತ್ಯಾಸ ಇತ್ತು. ಬೇಡ ಅಂದೆ.

ಪಾಟಿ ಸವಾಲು 2024ರ ಸೆಪ್ಟೆಂಬರಿನಲ್ಲಿ. ಸಾಕ್ಷಿ ಕಟ್ಟೆಗೆ ಬಂದವರು ಕಂಪನಿಯ ಅಧಿಕಾರಿ, ಸೇರಿದ್ದು 2022ರಲ್ಲಿ. ನನ್ನ ಸಾಲದ ಕಾಲಕ್ಕೆ ಅವರು ಅಲ್ಲಿ ಇರಲೇ ಇಲ್ಲ. ನಾನು ಶುರುವಿನಲ್ಲೇ "ನಿಮ್ಮ ಹುಡುಗ ನನ್ನ ದುಡ್ಡು ತಿಂದಿದ್ದಾನೆ, ನಿಮಗೆ ಗೊತ್ತು ತಾನೇ?" ಅಂದೆ. "ಪ್ರಶ್ನೆ ಕೇಳಿ, ಜಗಳ ಬೇಡ" ಅಂದರು ನ್ಯಾಯಾಧೀಶರು. ಮುಖ ಬಿಸಿಯಾಯಿತು. ಚೀಟಿಯಲ್ಲಿ ಬರೆದುಕೊಂಡಿದ್ದ ಪ್ರಶ್ನೆಗಳಿಗೆ ಬಂದೆ.

ರಸೀದಿಗಳ ಮೇಲೆ ಮೆಷಿನ್ ನಂಬರ್ ಇತ್ತು, ಕ್ರಮ ಸಂಖ್ಯೆಯೂ ಇತ್ತು. 4471ನೇ ರಸೀದಿ ಅವರ ಲೆಕ್ಕದಲ್ಲಿದೆ. 4502 ಇಲ್ಲ. 4560 ಇದೆ. ಮೂರರ ಮೇಲೂ ಒಂದೇ ಮೆಷಿನ್ ನಂಬರ್.

"ಈ 4471 ನಿಮ್ಮ ಕಂಪನಿಯ ಮೆಷಿನ್‌ದು ತಾನೇ?"

"ಹೌದು."

"4560?"

"ಹೌದು."

"ಮಧ್ಯದ 4502 ಬೇರೆ ಯಾರದೋ ಮೆಷಿನ್‌ನಿಂದ ಬಂದಿದೆ ಅಂತೀರಾ?"

ಅವರು ಮೂರು ಚೀಟಿಯನ್ನೂ ತಿರುಗಿಸಿ ನೋಡಿದರು. ತಮ್ಮ ವಕೀಲರ ಕಡೆ ನೋಡಿದರು. ನ್ಯಾಯಾಧೀಶರು ಬೆರಳಚ್ಚುಗಾರರಿಗೆ ಹೇಳಿ ಬರೆಸಿದರು: "ಮೂರೂ ರಸೀದಿಗಳು ಒಂದೇ ಮೆಷಿನ್‌ನಿಂದ ಬಂದಿವೆ ಎಂದರೆ ಸರಿ." ಆ "ಎಂದರೆ ಸರಿ" ಅನ್ನೋ ಎರಡು ಪದ ಟೈಪ್ ಆಗುವ ಸದ್ದು ನನಗೆ ಇನ್ನೂ ನೆನಪಿದೆ. ಉಳಿದ ರಸೀದಿಗಳನ್ನೂ ಹೀಗೇ ಒಂದೊಂದಾಗಿ ಕೇಳಿದೆ. ವಸೂಲಿ ಏಜೆನ್ಸಿ ಬಿಟ್ಟು ಹೋಗಿದೆ, ಅವರ ರಿಜಿಸ್ಟರ್ ನಮ್ಮ ಹತ್ತಿರ ಇಲ್ಲ ಅಂತಲೂ ಅವರ ಬಾಯಿಂದಲೇ ಬಂತು. ಇಪ್ಪತ್ತೈದು ನಿಮಿಷದಲ್ಲಿ ಮುಗಿಯಿತು. ಆಮೇಲೆ ಡಿಸೆಂಬರಿನಲ್ಲಿ ನನ್ನ ಸಾಕ್ಷ್ಯ. ಅವರ ವಕೀಲರು ನನ್ನನ್ನೂ ಕೇಳಿದರು: ಏಪ್ರಿಲ್ 2021ರ ನಂತರ ಒಂದು ರೂಪಾಯಿಯೂ ಕಟ್ಟಿಲ್ಲ ಅಲ್ವಾ? ಹೌದು, ಕಟ್ಟಿಲ್ಲ ಅಂದೆ.

2025ರ ಫೆಬ್ರವರಿಯಲ್ಲಿ ತೀರ್ಪು. ದಂಡದ ಬಡ್ಡಿ, ಬೌನ್ಸ್ ಚಾರ್ಜ್, ಚಕ್ರಬಡ್ಡಿ ಮೂರೂ ಹೋದವು. ಲೆಕ್ಕದಲ್ಲಿ ಇಲ್ಲದಿದ್ದ ಆರು ರಸೀದಿಗಳಲ್ಲಿ ಐದನ್ನು ಒಪ್ಪಿದರು. ಬಿಳಿಯಾಗಿ ಹೋದ ಆ ಒಂದಕ್ಕೆ ಪುರಾವೆ ಇಲ್ಲ ಅಂದರು. ₹3,000, ಬಡ್ಡಿ ಸೇರಿ ₹4,700. ಡಿಕ್ರಿ ಆಗಿದ್ದು ₹1,49,300ಕ್ಕೆ, ದಾವೆ ಹಾಕಿದ ದಿನದಿಂದ ಶೇಕಡಾ 6 ಬಡ್ಡಿ. ಒಂದೇ ಸಲ ಕಟ್ಟಲಾಗದು ಅಂತ ವಾದದ ದಿನವೇ ಅರ್ಜಿ ಕೊಟ್ಟಿದ್ದೆ. ಡಿಕ್ರಿ ಮಾಡುವಾಗಲೇ ಕಂತು ಮಾಡಿಕೊಡಲು ಕೋರ್ಟಿಗೆ ಅಧಿಕಾರ ಇದೆ, ಆದರೆ ನಾವು ಬಾಯಿಬಿಟ್ಟು ಕೇಳಬೇಕು. ತಿಂಗಳಿಗೆ ₹6,000 ಮಾಡಿದರು. ಎರಡು ಕಂತು ತಪ್ಪಿದರೆ ಉಳಿದದ್ದಕ್ಕೆಲ್ಲ ಅಮಲ್ಜಾರಿ, ಅಂದರೆ ಕೋರ್ಟಿನ ಮೂಲಕ ವಸೂಲಿ.

ಈಗ ಪ್ರತಿ ತಿಂಗಳು 5ನೇ ತಾರೀಕು ಬ್ಯಾಂಕಿನಿಂದಲೇ ಕಳಿಸುತ್ತೇನೆ, ವಿವರದ ಜಾಗದಲ್ಲಿ ಕೇಸ್ ನಂಬರ್ ಹಾಕಿ. ನಗದು ಯಾರಿಗೂ ಕೊಡುವುದಿಲ್ಲ. ಕೋರ್ಟಿನ ಹೊರಗೆ ಕಟ್ಟಿದ್ದು ಕೋರ್ಟಿನ ದಾಖಲೆಗೆ ಸೇರದಿದ್ದರೆ ಅಮಲ್ಜಾರಿ ಬಂದಾಗ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ. ಹಾಗಾಗಿ ಕೊನೆಯ ಕಂತಾದ ಮೇಲೆ ಪೂರ್ತಿ ಸಂದಾಯವಾಗಿದೆ ಅಂತ ಕೋರ್ಟಿನಲ್ಲಿ ಬರೆಸುವ ಕೆಲಸ ಒಂದು ಬಾಕಿ ಇದೆ. ಬಿಸ್ಕತ್ ಡಬ್ಬಿಯಲ್ಲಿ ಈಗ ಬ್ಯಾಟರಿ ಇಲ್ಲ. ಡಿಕ್ರಿಯ ದೃಢೀಕೃತ ನಕಲು, ತಿಂಗಳು ತಿಂಗಳ ಬ್ಯಾಂಕ್ ಚೀಟಿಯ ಜೆರಾಕ್ಸು, ಜೊತೆಗೆ ಆ ಬಿಳಿ ರಸೀದಿ ಇವೆ. ಅದನ್ನು ಎಸೆಯಲು ಮನಸ್ಸು ಬಂದಿಲ್ಲ.