ಎಲ್ಲರಿಗೂ ಒಂದೇ ಪ್ರಶ್ನೆ: ಸ್ತನ ಕ್ಯಾನ್ಸರ್ ಲ್ಯಾಬ್‌ನ ಬೇಸಿಗೆ ತರಬೇತಿ, ನನ್ನ ಅನುಭವ

ಡಿಗ್ರಿ ಓದುವ ಮಕ್ಕಳಿಂದ ಎಂಟು ವಾರದಲ್ಲಿ ಸಂಶೋಧನೆ ಆಗುವುದಿಲ್ಲ, ಪಿಪೆಟ್ ಹಿಡಿಯೋದು ಕಲಿಯುವಷ್ಟರಲ್ಲಿ ರಜೆ ಮುಗಿದಿರುತ್ತದೆ ಅಂತ ಜೊತೆಯವರೆಲ್ಲ ಹೇಳಿದ್ದರು. ಈ ಬೇಸಿಗೆಯ ಮಕ್ಕಳ ಡೇಟಾ ಈಗ ನಮ್ಮ ಪಿಎಚ್‌ಡಿ ವಿದ್ಯಾರ್ಥಿನಿಯ ಪ್ರಬಂಧದಲ್ಲಿ ಒಂದು ಫಿಗರ್ ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಮೊದಲು ತಲೆಗೊಂದು ಪ್ರಾಜೆಕ್ಟ್ ಕೊಡುತ್ತಿದ್ದೆವು. ಒಂದೂ ದಡ ಮುಟ್ಟಲಿಲ್ಲ. ಲ್ಯಾಬ್‌ನಲ್ಲಿ ಬೆಳೆಸುವ ಸ್ತನ ಕ್ಯಾನ್ಸರ್ ಕೋಶಗಳಾದ ಎಂಸಿಎಫ್-7 ದುಪ್ಪಟ್ಟಾಗಲು ಹೆಚ್ಚುಕಡಿಮೆ ಒಂದೂವರೆ ದಿನ ಬೇಕು. ಒಂದು ಫ್ಲಾಸ್ಕ್ ಕೆಟ್ಟರೆ ವಾರವೇ ಹೋಯಿತು. ಒಂದು ವರ್ಷ ಮೈಕೋಪ್ಲಾಸ್ಮಾ ಅನ್ನೋ ಪುಟ್ಟ ಬ್ಯಾಕ್ಟೀರಿಯಾ ಹೊಕ್ಕಿತು. ಕೋಶ ಬೆಳೆಸುವ ದ್ರವ, ಅಂದರೆ ಮೀಡಿಯಂ, ಮಬ್ಬಾಗುವುದಿಲ್ಲ, ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಕೋಶಭಿತ್ತಿಯೇ ಇಲ್ಲದ ಕಾರಣ ಪೆನಿಸಿಲಿನ್‌ಗೂ ಬಗ್ಗುವುದಿಲ್ಲ. ಡಿಎನ್‌ಎ ಪತ್ತೆ ಮಾಡುವ ಪಿಸಿಆರ್ ಪರೀಕ್ಷೆ ಮಾಡಿದಾಗಲೇ ಗೊತ್ತಾಗಿದ್ದು. ಎಲ್ಲ ಕೋಶಗಳನ್ನೂ ಬಿಸಿ ಹಬೆಯಲ್ಲಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕಿದೆವು. ಖರ್ಚಿನ ಅರ್ಧದಷ್ಟು ಕೋಶಗಳ ಆಹಾರಕ್ಕೆ ಸೇರಿಸುವ ಸೀರಮ್‌ಗೇ ಹೋಗಿತ್ತು, ಅದೂ ಅವುಗಳ ಜೊತೆ ಹೋಯಿತು.

ಆಮೇಲೆ ಪಟ್ಟು ಹಿಡಿದೆ: ಎಲ್ಲರಿಗೂ ಒಂದೇ ಪ್ರಶ್ನೆ. ಈಸ್ಟ್ರೋಜನ್ ಹಾರ್ಮೋನನ್ನು ತಡೆಯುವ ಔಷಧ ಹೈಡ್ರಾಕ್ಸಿ ಟ್ಯಾಮೊಕ್ಸಿಫೆನ್ ಕೋಶಗಳ ಬೆಳವಣಿಗೆ ತಗ್ಗಿಸುತ್ತದಾ? ಈಸ್ಟ್ರೋಜನ್ ಹಿಡಿಯುವ ರಿಸೆಪ್ಟರ್ ಇರುವ ಎಂಸಿಎಫ್-7, ಪಕ್ಕದಲ್ಲಿ ಅದು ಇಲ್ಲದ ಇನ್ನೊಂದು ಸ್ತನ ಕ್ಯಾನ್ಸರ್ ಕೋಶ ಎಂಡಿಎ-ಎಂಬಿ-231. ಟ್ಯೂಬ್ ಮೇಲೆ ಬರೀ ಕೋಡ್. ಯಾವುದು ಔಷಧ, ಯಾವುದು ಸುಮ್ನೆ ಎಥನಾಲ್ ಅನ್ನೋದು ನನಗೆ ಮಾತ್ರ ಗೊತ್ತು. ಸೀರಮ್ ಒಂದೇ ಲಾಟ್‌ನಿಂದ ಒಟ್ಟಿಗೆ ತರಿಸಿದ್ದಕ್ಕೆ ಮೂರರಲ್ಲೊಂದು ಪಾಲಿನಷ್ಟು ಖರ್ಚು ಉಳಿಯಿತು. ಅದನ್ನು ಸ್ಟೈಪೆಂಡ್‌ಗೆ ಸೇರಿಸಿದೆ. ರಜೆಯಲ್ಲಿ ದುಡಿಯಲೇಬೇಕಾದ ಮಕ್ಕಳೂ ಬರಬೇಕು ಅಲ್ವಾ?

ಮೊದಲ ಹತ್ತು ದಿನ ಔಷಧ ಮುಟ್ಟುವ ಹಾಗಿಲ್ಲ. ಕೋಶ ಎಣಿಸೋದೇ ಕೆಲಸ. ಒಂದೇ ಟ್ಯೂಬನ್ನು ಇಬ್ಬರು ಬೇರೆ ಬೇರೆ ಎಣಿಸಬೇಕು, ವ್ಯತ್ಯಾಸ ನೂರಕ್ಕೆ ಹತ್ತರೊಳಗೆ ಬರಬೇಕು. ಒಬ್ಬಳದ್ದು ಯಾವಾಗಲೂ ಜಾಸ್ತಿಯೇ ಬರುತ್ತಿತ್ತು. ಪಕ್ಕದಲ್ಲಿ ಕೂತು ನೋಡಿದೆ. ಎಣಿಕೆಯ ಗಾಜಿನ ಚೌಕದ ಗೆರೆ ಮೇಲೆ ಕೂತ ಕೋಶಗಳನ್ನು ನಾಲ್ಕೂ ಬದಿಯಲ್ಲಿ ಸೇರಿಸುತ್ತಿದ್ದಳು. ಎರಡೇ ಬದಿ ಸಾಕು ಅಂದೆ, ಅವತ್ತೇ ಸರಿಹೋಯಿತು. ಎಂಸಿಎಫ್-7 ಕೋಶಗಳು 1970ರಲ್ಲಿ ಕ್ಯಾನ್ಸರ್ ಶ್ವಾಸಕೋಶದ ಪೊರೆಗೆ ಹರಡಿ ನೀರು ತುಂಬಿಕೊಂಡಿದ್ದ ಒಬ್ಬ ಹೆಣ್ಣುಮಗಳಿಂದ ಬಂದವು ಅಂತ ಶುರುವಿಗೇ ಹೇಳುತ್ತೇನೆ. ಅದು ಗೊತ್ತಿದ್ದವರು ಬೇಕಾಬಿಟ್ಟಿ ಎಣಿಸುವುದಿಲ್ಲ.

ನಡುವೆ ಒಬ್ಬ ಹುಡುಗ ಕೇಳಿದ: ಈಸ್ಟ್ರೋಜನ್ ಹಾಕದ ವೆಲ್‌ಗಳಲ್ಲೂ (ಪ್ಲೇಟಿನ ಪುಟ್ಟ ಗುಳಿಗಳಲ್ಲೂ) ಯಾಕೆ ಇಷ್ಟು ಬೆಳೆಯುತ್ತಿವೆ? ಮೀಡಿಯಂಗೆ ಬಣ್ಣ ಕೊಡುವ ಫೀನಾಲ್ ರೆಡ್ಡೇ ಸಣ್ಣದಾಗಿ ಈಸ್ಟ್ರೋಜನ್ ಥರ ವರ್ತಿಸುತ್ತದೆ ಅನ್ನೋದು 1986ರಿಂದಲೇ ಗೊತ್ತಿರುವ ವಿಷಯ. ಬೇಕಂತಲೇ ಬಾಯಿ ಬಿಡಲಿಲ್ಲ. ಬಣ್ಣ ಇರುವ ಮೀಡಿಯಂ, ಇಲ್ಲದ್ದು, ಹಾರ್ಮೋನ್ ತೆಗೆಯಲು ಚಾರ್ಕೋಲ್ ಹಾಯಿಸಿದ ಸೀರಮ್, ಎಲ್ಲ ಎದುರಿಗಿಟ್ಟೆ. ವಾರದಲ್ಲಿ ತಾನೇ ಕಂಡುಹಿಡಿದ. ಅಂಥವರನ್ನು ಆರಿಸಲು ಸಂದರ್ಶನದಲ್ಲಿ ನಾನು ಕೇಳುವ ಪ್ರಶ್ನೆ ಒಂದಿದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಕೊನೆ ವಾರ ಕೋಡ್ ಬಿಚ್ಚಿದೆವು. ಎಂಸಿಎಫ್-7 ತಗ್ಗಿತ್ತು, 231 ಹೆಚ್ಚುಕಡಿಮೆ ಅಲುಗಿರಲಿಲ್ಲ. ಒಂದು ಪ್ಲೇಟ್ ಮಾತ್ರ ದಾರಿ ತಪ್ಪಿತ್ತು, ಅಂಚಿನ ವೆಲ್‌ಗಳು ಆರಿದ್ದವು. ಈಗ ಅಂಚಿಗೆ ಬರೀ ಬಫರ್ ತುಂಬುತ್ತೇವೆ. ಮುಂದಿನ ಬೇಸಿಗೆಗೆ ಈಸ್ಟ್ರೋಜನ್ ರಿಸೆಪ್ಟರನ್ನೇ ತಡೆಯುವ ಇನ್ನೊಂದು ಔಷಧ, ಫುಲ್ವೆಸ್ಟ್ರಾಂಟ್. ಸೀರಮ್ ಲಾಟ್ ಆಗಲೇ ಕಾಯ್ದಿರಿಸಿದ್ದೇನೆ.