ಬಾಕ್ಸಿನ ತಳ, ಸಂಜೆಯ ಕೂಲಿ, ಬಿಟ್ಟ ಸಾಲು: ಟೊಮೇಟೊ ತೋಟದಲ್ಲಿ ಶಿಷ್ಯಳಾಗಿ ಬದುಕೋದು, ನನ್ನ ಅನುಭವ

ನಮ್ಮದು ಕೋಲಾರ ತಾಲ್ಲೂಕು, ಸ್ವಲ್ಪ ಜಮೀನು, ಮುಖ್ಯವಾಗಿ ಟೊಮೇಟೊ, ಮನೆಗಾಗೋವಷ್ಟು ರಾಗಿ, ಎರಡು ಹಸು. ನಮ್ಮ ಚರ್ಚಿನ ಸ್ತ್ರೀಯರ ಕೂಟದಲ್ಲಿ ಶಿಷ್ಯತ್ವದ ಬಗ್ಗೆ, ಅಂದ್ರೆ ಯೇಸುವಿನ ಶಿಷ್ಯರಾಗಿ ಬದುಕೋದರ ಬಗ್ಗೆ ಮಾತು ಬಂದ್ರೆ ಎಲ್ರೂ ಪ್ರಾರ್ಥನೆ, ಉಪವಾಸ, ವಾಕ್ಯ ಓದೋದು ಅಂತ ಹೇಳ್ತಾರೆ, ಅದೆಲ್ಲ ಬೇಕೇ ಬೇಕು ಬಿಡಿ. ಆದ್ರೆ ನನಗೆ ದಾರಿ ತೋರಿಸಿದ್ದು ಯಾರೂ ಅಷ್ಟಾಗಿ ಓದದೇ ಇರೋ ಬೈಬಲಿನ ಯಾಜಕಕಾಂಡ 19ನೇ ಅಧ್ಯಾಯ. ಮತ್ತಾಯ 22ರಲ್ಲಿ ಯೇಸು ನಿನ್ನ ನೆರೆಯವನನ್ನ ನಿನ್ನಂತೆಯೇ ಪ್ರೀತಿಸು ಅಂತ ಹೇಳ್ತಾರಲ್ಲ, ಆ ಮಾತು ಅಲ್ಲಿಂದ ತಗೊಂಡಿದ್ದು, 18ನೇ ವಚನ. ಅದರ ಹಿಂದೆ ಮುಂದೆ ಏನಿದೆ ಅಂತ ನೋಡಿದ್ರೆ ಹೊಲದ ಅಂಚನ್ನ ಪೂರ್ತಿ ಕೊಯ್ಯಬೇಡಿ, ಬಡವರಿಗೆ ಬಿಡಿ, ಕೂಲಿಯವನ ಕೂಲಿ ಬೆಳಗಿನ ತನಕ ಇಟ್ಕೋಬೇಡಿ, ತೂಕ ಅಳತೆಯಲ್ಲಿ ಮೋಸ ಬೇಡ. ಎಲ್ಲಾ ನಮ್ಮ ದಿನದ ಕೆಲಸವೇ! ಅಲ್ಲಿಂದ ನಾನು ಒಂದೊಂದೇ ಹಿಡ್ಕೊಂಡೆ.

ಮೊದಲು ಬಾಕ್ಸು. ಟೊಮೇಟೊ ಬೆಳೆಯೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, 15 ಕೆಜಿ ಬಾಕ್ಸಲ್ಲಿ ಮೇಲಿನ ಸಾಲಿಗೆ ಒಳ್ಳೆ ದಪ್ಪ ಹಣ್ಣು ಜೋಡಿಸಿ ತಳಕ್ಕೆ ಸಣ್ಣದು, ಚುಕ್ಕೆ ಬಿದ್ದಿದ್ದು, ಸೀಳಿದ್ದು ಸೇರಿಸೋದು ಹೊಸ ವಿದ್ಯೆ ಏನಲ್ಲ, ಮಂಡಿಲಿ ವ್ಯಾಪಾರಿಗಳು ಎಲ್ಲಾ ಬಾಕ್ಸ್ ಸುರಿದು ನೋಡೋಕಾಗಲ್ಲ. ನಮ್ಮನೇಲಿ ಹಣ್ಣು ವಿಂಗಡಿಸೋದು ನನ್ನ ಕೆಲಸ, ಹಾಗಾಗಿ ತಳದಲ್ಲಿರೋದೇ ಮೇಲೂ ಇರಬೇಕು, ಸಣ್ಣದು ಬೇರೆ ಬಾಕ್ಸಿಗೆ, ಅಂತ ತೀರ್ಮಾನ ಮಾಡಿದೆ. ಯಜಮಾನ್ರು "ಎಲ್ಲಾರೂ ಹಾಕ್ತಾರೆ ಕಣೇ, ರೇಟೂ ಅದಕ್ಕೆ ತಕ್ಕಂಗೇ ಕೂಗ್ತಾರೆ, ನಾವೊಬ್ರು ನೆಟ್ಟಗಿದ್ರೆ ನಮಗೇ ಲಾಸು" ಅಂದ್ರು, ಅವರ ಲೆಕ್ಕದಲ್ಲಿ ತಪ್ಪೇನೂ ಇರ್ಲಿಲ್ಲ. ಸಭೆಯಲ್ಲಿ, ಅಂದ್ರೆ ಚರ್ಚಲ್ಲಿ, ಸಾಕ್ಷಿ ಹೇಳೋವಾಗ ನಮ್ಮ ಜನ ಪ್ರಾಮಾಣಿಕವಾಗಿದ್ದೆ, ಕರ್ತನು ಎರಡರಷ್ಟು ಕೊಟ್ಟ ಅಂತಾರೆ. ನಮಗೆ ಹಂಗೇನೂ ಆಗಲಿಲ್ಲ. ನಮ್ಮ ಮಾಲು ಗೊತ್ತಿರೋ ಒಬ್ಬಿಬ್ಬರು ವ್ಯಾಪಾರಿ ಒಂದೊಂದು ದಿನ ಹತ್ತಿಪ್ಪತ್ತು ಜಾಸ್ತಿ ಕೂಗ್ತಾರೆ, ಎಷ್ಟೋ ದಿನ ಅದೂ ಇಲ್ಲ.

ಕೂಲಿ ವಿಷಯ ಇನ್ನೂ ಕಷ್ಟದ್ದು. ಮಂಡಿಯಿಂದ ಪಟ್ಟಿ ದುಡ್ಡು, ಅಂದ್ರೆ ಮಾರಿದ ಹಣ್ಣಿನ ದುಡ್ಡು, ಕೈಗೆ ಬರೋದು ಕೆಲವು ಸಲ ತಡ ಆಗುತ್ತೆ, ಬಂದ ಮೇಲೆ ಕೊಡ್ತೀವಿ ಅಂತ ಕೂಲಿಯೋರಿಗೆ ಹೇಳೋದು ಊರಲ್ಲಿ ಸಾಮಾನ್ಯ. ಅವತ್ತಿನ ಕೂಲಿ ಅವತ್ತೇ ಸಂಜೆ ಕೊಡ್ಬೇಕು ಅಂದ್ರೆ ಬರೀ ಒಳ್ಳೆ ಮನಸ್ಸಿದ್ರೆ ಆಗಲ್ಲ, ದುಡ್ಡು ಬೇರೆ ಇಟ್ಟಿರಬೇಕು. ನಾನು ಮಾಡಿದ್ದು ಇಷ್ಟು, ಡೇರಿ ಹಾಲಿನ ಬಟವಾಡೆ ಬಂದ ತಕ್ಷಣ ಅದರಲ್ಲಿ ಒಂದು ಪಾಲು ಕೂಲಿ ಡಬ್ಬಿಗೆ ಹಾಕೋದು, ಮನೇಲಿ ಗ್ಯಾಸ್ ಖಾಲಿ ಆದ್ರೂ ಅದನ್ನ ಮುಟ್ಟಬಾರದು. ಡಬ್ಬಿ ತುಂಬದೇ ಇದ್ರೆ ಆ ದಿನ ಕಡಿಮೆ ಆಳು ಕರೆಯೋದು, ಉಳಿದಿದ್ದು ನಾವೇ ಕೀಳೋದು.

ಆಮೇಲೆ ಟೀ ಲೋಟ. ಇದನ್ನ ಬರೆಯೋದಾ ಬೇಡ್ವಾ ಅಂತ ಯೋಚನೆ ಮಾಡ್ದೆ, ಆದ್ರೆ ನಮ್ಮ ಕಡೆಯವರಿಗೆ ಗೊತ್ತಿರೋದೇ, ಕೂಲಿಯೋರಿಗೆ ಬೇರೆ ಲೋಟ ಇಡೋ ಮನೆಗಳು ಈಗ್ಲೂ ಇದಾವೆ, ಸಭೆಗೆ ಬರೋರ ಮನೇಲೂ. ನಾವು ಎಲ್ಲಾರಿಗೂ ಒಂದೇ ಲೋಟ, ಮಧ್ಯಾಹ್ನ ಒಂದೇ ಕಡೆ ಕೂತು ಮುದ್ದೆ ಸಾರು. ಪ್ರತಿ ವರ್ಷ ಗುಡ್ ಫ್ರೈಡೇ ಹಿಂದಿನ ದಿನ ಯೋಹಾನ 13 ಓದ್ತೀವಿ, ಯೇಸು ಟವಲ್ ಸೊಂಟಕ್ಕೆ ಕಟ್ಕೊಂಡು ಶಿಷ್ಯರ ಕಾಲು ತೊಳೆದಿದ್ದು, ಅದನ್ನ ಕೇಳಿ ಬಂದು ಮಾರನೇ ವಾರ ನಮ್ಮ ತೋಟದಲ್ಲಿ ದುಡಿಯೋ ಅಕ್ಕ ಕುಡಿದ ಲೋಟ ನಾನು ತೊಳೆಯೋಕೆ ಹಿಂಜರಿದ್ರೆ ಏನರ್ಥ? ಮೊದಮೊದಲು ಅತ್ತೆ ಮುಖ ಗಂಟು ಹಾಕ್ತಿದ್ರು. ಇನ್ನೊಂದು ತಮಾಷೆ ಅಂದ್ರೆ ಆ ಅಕ್ಕನೇ "ಬೇಡ ಅಮ್ಮಾ, ನಾನೇ ತೊಳ್ಕೊಂಡಿಡ್ತೀನಿ" ಅಂತ ಲೋಟ ಕಿತ್ಕೊಳ್ತಿದ್ರು. ಈಗ ಯಾರ ಕೈಗೆ ಸಿಕ್ತೋ ಅವರು ತೊಳೀತಾರೆ.

ಅಂಚು ಬಿಡೋದು ಮಾತ್ರ ರೇಟಿನ ಮೇಲೆ ಹೋಗುತ್ತೆ. ರೇಟ್ ಬಿದ್ದಾಗ ಯಾರು ಬೇಕಾದ್ರೂ ಬಿಡ್ತಾರೆ, ಅದರಲ್ಲೇನು ಪ್ರೀತಿ? 2023ರ ಜುಲೈ ನೆನಪಿಸ್ಕೊಳ್ಳಿ, ಮಳೆ, ಎಲೆಸುರುಳಿ ವೈರಸ್ಸು ಎಲ್ಲಾ ಸೇರಿ ಇಳುವರಿ ಬಿದ್ದು ಕೋಲಾರ ಮಂಡಿಲಿ ಬಾಕ್ಸು 2000 ರೂಪಾಯಿ ದಾಟಿತ್ತು, ರೈತರು ರಾತ್ರಿ ತೋಟದಲ್ಲಿ ಕಾವಲು ಮಲಗ್ತಿದ್ರು. ಆಗ ಎರಡು ಸಾಲು ಊರಿನ ಬಡವರು ಕಿತ್ಕೊಳ್ಳೋಕೆ ಬಿಡೋಣ ಅಂದ್ರೆ ನನಗೇ ಹೊಟ್ಟೆ ಚುರ್ ಅಂತಿತ್ತು, ಸಾಲದ ಕಂತು ಬೇರೆ ತಲೆ ಮೇಲೆ. ಆವತ್ತು ನಿರ್ಧಾರ ಮಾಡಿದ್ದು ಯಜಮಾನ್ರೇ. 1876-78ರ ದೊಡ್ಡ ಬರದಲ್ಲಿ ಅನಾಥರಾದ ಮಕ್ಕಳನ್ನ ಕೋಲಾರದಲ್ಲಿ ಮಿಷನ್ನೋರು ಸಾಕಿದ್ರಲ್ಲ, ಯಜಮಾನ್ರ ತಾತನ ಕಡೆಯವರು ಆ ಮಕ್ಕಳಲ್ಲಿ ಒಬ್ರಂತೆ. "ಯಾರೋ ತಮ್ಮ ಪಾಲು ಬಿಟ್ಟಿದ್ದಕ್ಕೆ ನಾನು ಹುಟ್ಟಿದ್ದು, ಬಿಡು" ಅಂದ್ರು. ಬಿಟ್ವಿ. ಬಂದೋರಲ್ಲಿ ನಾಲ್ಕು ಜನ ನಿಜವಾಗಿ ಬಡವರು, ಒಬ್ರು ಬೈಕಲ್ಲಿ ಬಂದು ಚೀಲ ತುಂಬ್ಕೊಂಡು ಹೋದ್ರು, ಏನ್ ಮಾಡೋದು, ಗೇಟಲ್ಲಿ ನಿಂತು ಆಧಾರ್ ಕಾರ್ಡ್ ಕೇಳೋಕಾಗುತ್ತಾ.

ನಂಬಿಕೆ ವಿಷಯಕ್ಕೆ ಬಂದ್ರೆ, ದೇವರ ಮೇಲೆ ಭಾರ ಹಾಕ್ತೀನಿ ಅಂತ ಬಡ್ಡಿಗೆ ಸಾಲ ತಂದು ಇರೋ ಜಮೀನಿಗೆಲ್ಲ ಟೊಮೇಟೊ ಇಡೋದನ್ನ ನಾನು ವಿಶ್ವಾಸ ಅನ್ನಲ್ಲ, ಅದು ಜೂಜು. ಎಕರೆಗೆ ಲಕ್ಷದ ಮೇಲೆ ಖರ್ಚು ಬರೋ ಬೆಳೆ ಇದು, ಅದಕ್ಕೇ ಒಂದು ಭಾಗ ಯಾವಾಗ್ಲೂ ರಾಗಿಗೆ. ಅಷ್ಟು ಮಾಡಿಯೂ ಬೀಳೋ ದಿನ ಬೀಳ್ತೀವಿ. ಒಂದ್ಸಲ ಕಿತ್ತ ಕೂಲಿ, ಗಾಡಿ ಬಾಡಿಗೆ ಕೂಡ ಹುಟ್ಟದೆ ಯಜಮಾನ್ರು ಹಣ್ಣನ್ನ ರಸ್ತೆ ಬದಿ ಸುರಿದು ಬಂದ್ರು. ಆ ರಾತ್ರಿ ನನಗೆ ಸ್ತೋತ್ರ ಮಾಡೋ ಮನಸ್ಸಿರಲಿಲ್ಲ, ಪ್ರವಾದಿ ಹಬಕ್ಕೂಕನ ಪುಸ್ತಕದ 3ನೇ ಅಧ್ಯಾಯದ ಕೊನೆ ತೆಗೆದು ಓದಿದೆ, ಅಂಜೂರ ಚಿಗುರದಿದ್ರೂ, ಹೊಲದಲ್ಲಿ ಬೆಳೆ ಇಲ್ಲದಿದ್ರೂ, ಹಟ್ಟಿಲಿ ದನ ಇಲ್ಲದಿದ್ರೂ ಕರ್ತನಲ್ಲಿ ಸಂತೋಷಪಡ್ತೀನಿ ಅಂತಾನೆ. ನನಗೆ ಸಂತೋಷ ಬರಲಿಲ್ಲ, ಆದ್ರೂ ಓದಿದೆ, ಬೈಕೊಂಡೇ ಪ್ರಾರ್ಥನೆ ಮಾಡಿದೆ, ಕೀರ್ತನೆಗಳಲ್ಲಿ ದಾವೀದನೂ ದೇವರ ಹತ್ರ ಜಗಳ ಆಡ್ತಾನೆ. ಡಬ್ಬಿಲಿ ಕೂಲಿ ದುಡ್ಡಿತ್ತು, ಅದೊಂದು ಸಮಾಧಾನ.

ಅದೇ ಸಮಯಕ್ಕೆ ಸಭೆಯ ಸುಗ್ಗಿ ಹಬ್ಬ ಬಂತು, ತಗೊಂಡು ಹೋಗೋಕೆ ಬೇರೇನೂ ಇರಲಿಲ್ಲ, ಒಂದು ಬುಟ್ಟಿ ಟೊಮೇಟೊನೇ ಕಾಣಿಕೆ ಇಟ್ವಿ. ಆರಾಧನೆ ಮುಗಿದ ಮೇಲೆ ಕಾಣಿಕೆಗಳ ಹರಾಜಲ್ಲಿ ನಮ್ಮ ಕಷ್ಟ ಗೊತ್ತಿದ್ದೋರೆಲ್ಲ ಸೇರಿ ಕೂಗಿ ಕೂಗಿ ಆ ಬುಟ್ಟಿಗೆ ಮಂಡಿಲಿ ಇಡೀ ಲೋಡಿಗೆ ಸಿಗದ ರೇಟು ಮಾಡಿದ್ರು, ದುಡ್ಡು ಸಭೆಗೇ ಹೋಯ್ತು ಅನ್ನಿ. ಯಜಮಾನ್ರು ನನ್ನ ಕಿವಿ ಹತ್ರ ಬಂದು "ನಾಳೆ ಗಾಡಿ ಇಲ್ಲಿಗೇ ತರ್ಲಾ?" ಅಂದ್ರು.